ಒಂದೇ ಹಂಡೆ, ಮೂರು ಚಿತ್ರ: ಶಾರ್ದಾಂನನ್ನು ಒಟ್ಟಿಗೆ ನೋಡುವುದೆಂದರೆ

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಒಂದು ಪುಟ್ಟ ಮರದ ಹಲಗೆ ಇದೆ. ಎತ್ತರ 28 ಸೆಂಟಿಮೀಟರ್ ಚಿಲ್ಲರೆ, ಅಗಲ 23. ಶಾಲೆಯ ನೋಟ್‌ಬುಕ್ಕಿಗಿಂತ ತುಸು ದೊಡ್ಡದು, ಅಷ್ಟೆ. ಅದರ ಮೇಲೆ ತೈಲವರ್ಣದಲ್ಲಿ ಬರೆದಿರುವುದು ಮರದ ಕಾಲುಗಳ ಮೇಲೆ ಕೂತ ಒಂದು ತಾಮ್ರದ ನೀರಿನ ಹಂಡೆ. ಮೇಲೊಂದು ಮುಚ್ಚಳ, ಕೆಳಗೊಂದು ನಲ್ಲಿ, ಪಕ್ಕದಲ್ಲಿ ಬಕೆಟ್ಟು, ಹೂಜಿ. ಮನುಷ್ಯರಿಲ್ಲ, ಕಥೆಯಿಲ್ಲ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಮನೆಯೊಳಕ್ಕೆ ಕೊಳಾಯಿ ಬಂದಿರಲಿಲ್ಲ. ನೀರು ಹೊರುವವರು ತಂದು ಸುರಿದ ನೀರನ್ನು ಇಂಥ ಹಂಡೆಯಲ್ಲಿ ತುಂಬಿಟ್ಟು, ಬೇಕಾದಾಗ ನಲ್ಲಿ ತಿರುವಿ ಹಿಡಿದುಕೊಳ್ಳುತ್ತಿದ್ದರು. ಬಚ್ಚಲ ಹಂಡೆ ಕಂಡವರಿಗೆ ಈ ಸಾಮಾನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ ಒಂದು ವಾರವಾದ ತಾಮ್ರ ಹೇಗೆ ಕಾಣುತ್ತದೋ, ಆ ಬಣ್ಣ.

ಇದೇ ಬಗೆಯ ಹಂಡೆ ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಮ್ಯೂಸಿಯಂನ ಚಿತ್ರವೊಂದರಲ್ಲೂ ಇದೆ. ಅಲ್ಲಿ ಬಿಳಿ ಟೋಪಿಯ ಹೆಂಗಸೊಬ್ಬಳು ಅದರೆದುರು ಬಗ್ಗಿ ನೀರು ಹಿಡಿಯುತ್ತಿದ್ದಾಳೆ. ಮತ್ತೆ ಲೂವ್ರ್‌ಗೇ ಬಂದರೆ, ಸಂತೆಯಿಂದ ಬಂದು ರೊಟ್ಟಿಯ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿರುವ ಕೆಲಸದಾಕೆಯ ಚಿತ್ರವೊಂದಿದೆ. ಅವಳ ಹಿಂದೆ ತೆರೆದ ಬಾಗಿಲು, ಬಾಗಿಲಾಚೆಯ ಕೋಣೆಯ ಅರೆಬೆಳಕಿನಲ್ಲಿ ಮತ್ತೆ ಅದೇ ಹಂಡೆ. ಮೂರೂ ಒಬ್ಬನ ಕೈಯವು: ಜಾನ್ ಸಿಮೆಯೋಂ ಶಾರ್ದಾಂ. ಹೆಸರಿನ ಅಕ್ಷರ ನೋಡಿ ಶಾರ್ಡಿನ್ ಎಂದು ಓದುವವರೇ ಹೆಚ್ಚು. ಫ್ರೆಂಚರ ಬಾಯಲ್ಲಿ ಅದು ಶಾರ್ದಾಂ.

ಒಂದು ಹಂಡೆ ಮೊದಲ ಚಿತ್ರದಲ್ಲಿ ನಾಯಕ, ಎರಡನೆಯದರಲ್ಲಿ ಜೊತೆಗಾರ, ಮೂರನೆಯದರಲ್ಲಿ ಹಿನ್ನೆಲೆಯ ಒಂದು ಮಿನುಗು. ಒಂದೊಂದೇ ಚಿತ್ರ ನೋಡಿದವರಿಗೆ ಇದು ಹೊಳೆಯುವುದಿಲ್ಲ. ಮೂರನ್ನೂ ಒಂದೇ ಸೂರಿನಡಿ ತಂದು ನಿಲ್ಲಿಸಿದರೆ ಮಾತ್ರ ಹೊಳೆಯುತ್ತದೆ. ಹಾಗೆ ತಂದು ನಿಲ್ಲಿಸುವ ಏರ್ಪಾಟಿಗೆ ಕಲಾಲೋಕದಲ್ಲಿ ‘ರೆಟ್ರಾಸ್ಪೆಕ್ಟಿವ್’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಇನ್ನೂ ಚೆಲುವಾದ ಮಾತಿದೆ: ಸಿಂಹಾವಲೋಕನ. ನಡೆದು ಹೋಗುವ ಸಿಂಹ ತಿರುಗಿ ನಿಂತು ಬಂದ ದಾರಿಯನ್ನು ಒಮ್ಮೆ ನೋಡುವುದು. ಒಬ್ಬ ಕಲಾವಿದ ಬದುಕಿಡೀ ಮಾಡಿದ್ದನ್ನು, ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಚದುರಿಹೋಗಿರುವುದನ್ನು, ಕೆಲವು ತಿಂಗಳ ಮಟ್ಟಿಗೆ ಒಂದೆಡೆ ಕೂಡಿಸಿ ತೋರಿಸುವುದು. ಆ ತಿರುಗುನೋಟ ಮಾತ್ರ ಕಲಾವಿದನದಲ್ಲ, ಅವನು ಸತ್ತು ಇನ್ನೂರು ಮುನ್ನೂರು ವರ್ಷವಾದ ಮೇಲೆ ಬಂದವರದು.

ಶಾರ್ದಾಂನ ಮಟ್ಟಿಗೆ ಎರಡು ಸಿಂಹಾವಲೋಕನಗಳು ದೊಡ್ಡವು. ಮೊದಲನೆಯದು 1979ರಲ್ಲಿ, ಅವನು ಸತ್ತ ಇನ್ನೂರನೆಯ ವರ್ಷಕ್ಕೆ: ಪ್ಯಾರಿಸ್ಸಿನ ಗ್ರಾಂ ಪಲೇಯಲ್ಲಿ ತೆರೆದು, ಅಮೆರಿಕದ ಕ್ಲೀವ್‌ಲ್ಯಾಂಡ್‌ಗೂ ಬಾಸ್ಟನ್‌ಗೂ ಹೋಯಿತು. ಎರಡನೆಯದು ಹುಟ್ಟಿದ ಮುನ್ನೂರನೆಯ ವರ್ಷಕ್ಕೆ, 1999ರಲ್ಲಿ: ಮತ್ತೆ ಪ್ಯಾರಿಸ್ಸಿನಿಂದ ಹೊರಟು ಜರ್ಮನಿಯ ಡ್ಯುಸೆಲ್‌ಡಾರ್ಫ್, ಲಂಡನ್ನಿನ ರಾಯಲ್ ಅಕಾಡೆಮಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸುತ್ತಿ 2000ದಲ್ಲಿ ಮುಗಿಯಿತು. ಎರಡರ ಹಿಂದೆಯೂ ಇದ್ದವರು ಪಿಯೆರ್ ರೋಸೆನ್‌ಬರ್ಗ್, ಮುಂದೆ ಲೂವ್ರ್‌ನ ಮುಖ್ಯಸ್ಥರೂ ಆದವರು.

ಅಡುಗೆಮನೆಯ ಪಾತ್ರೆಪಡಗ ಬರೆದವನಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಅವನ ಕಾಲದವರಿಗೂ ಹಾಗೇ ಅನ್ನಿಸಿತ್ತು.

ಶಾರ್ದಾಂ ಹುಟ್ಟಿದ್ದು 1699ರ ನವೆಂಬರ್ 2ರಂದು, ಪ್ಯಾರಿಸ್ಸಿನಲ್ಲೇ. ಅಪ್ಪ ಬಡಗಿ; ರಾಜನ ಮನೆಗೆ ಬಿಲಿಯರ್ಡ್ಸ್ ಮೇಜು ಮಾಡಿಕೊಡುತ್ತಿದ್ದ ಕುಶಲಿ. ಆ ಕಾಲದ ಫ್ರಾನ್ಸಿನಲ್ಲಿ ಚಿತ್ರಗಳಿಗೂ ಜಾತಿಯಿತ್ತು. ರೂಪಕವಾಗಿ ಹೇಳುತ್ತಿಲ್ಲ, ಫೆಲಿಬಿಯಾಂ ಎಂಬ ವಿದ್ವಾಂಸ 1667ರಲ್ಲೇ ಆ ಮೆಟ್ಟಿಲುಗಳನ್ನು ಬರೆದಿಟ್ಟಿದ್ದ. ಎಲ್ಲಕ್ಕಿಂತ ಕೆಳಗೆ ಹಣ್ಣು, ಹೂವು, ಪಾತ್ರೆಗಳ ವಸ್ತುಚಿತ್ರ. ಅದರ ಮೇಲೆ ಭೂದೃಶ್ಯ, ಆಮೇಲೆ ಜೀವವಿರುವ ಪ್ರಾಣಿ, ಅದಕ್ಕೂ ಮೇಲೆ ಮನುಷ್ಯ. ಮನುಷ್ಯರಲ್ಲೂ ಒಬ್ಬಂಟಿ ಭಾವಚಿತ್ರಕ್ಕಿಂತ ಪುರಾಣ, ಬೈಬಲ್, ಚರಿತ್ರೆಯ ಪ್ರಸಂಗಗಳನ್ನು ಬರೆಯುವುದು ಮೇಲು. ದೇವರ ಶ್ರೇಷ್ಠ ಸೃಷ್ಟಿ ಮನುಷ್ಯ, ಹಾಗಾಗಿ ಅವನನ್ನು ಬರೆಯುವವನೇ ಶ್ರೇಷ್ಠ ಎಂಬುದು ತರ್ಕ. ಹಣ, ಹುದ್ದೆ, ರಾಜಾಶ್ರಯದ ಕಲಾ ಅಕಾಡೆಮಿಯಲ್ಲಿ ಪಾಠ ಹೇಳುವ ಅಧಿಕಾರ ಎಲ್ಲವೂ ಆ ಮೆಟ್ಟಿಲುಗಳ ಲೆಕ್ಕದಲ್ಲೇ ಸಿಗುತ್ತಿದ್ದವು. ಬೆತ್ತಲೆ ಮಾದರಿಯನ್ನು ಎದುರಿಗಿಟ್ಟುಕೊಂಡು ಮೈಕಟ್ಟು ಬರೆಯಲು ಕಲಿಯದವನಿಗೆ ಮೇಲಿನ ಮೆಟ್ಟಿಲು ಇಲ್ಲ. ಹೆಂಗಸರಿಗೆ ಆ ತರಗತಿಗೆ ಪ್ರವೇಶವೇ ಇರಲಿಲ್ಲವಾದ್ದರಿಂದ ಅವರಲ್ಲಿ ಪ್ರತಿಭಾವಂತರಾದವರು ಬಹುಮಟ್ಟಿಗೆ ಭಾವಚಿತ್ರಕ್ಕೋ ಹೂವು ಹಣ್ಣಿಗೋ ತೃಪ್ತಿಪಡಬೇಕಿತ್ತು.

ಶಾರ್ದಾಂ ಹೆಂಗಸಲ್ಲ. ಆದರೂ ಅವನ ಜಾಗ ಕೆಳಗೇ ಆಯಿತು. ಕಾಲೇಜು ಓದಿಲ್ಲ, ಲ್ಯಾಟಿನ್ ಬರುವುದಿಲ್ಲ, ಇಟಲಿಗೆ ಹೋಗಲಿಲ್ಲ. 1728ರಲ್ಲಿ, ಯುವ ಕಲಾವಿದರು ಪ್ಯಾರಿಸ್ಸಿನ ದೊಫೀನ್ ಚೌಕದ ಬಯಲಲ್ಲಿ ಚಿತ್ರ ತೂಗಿಹಾಕುತ್ತಿದ್ದ ಒಂದು ದಿನದ ಪ್ರದರ್ಶನದಲ್ಲಿ ಅವನೊಂದು ಮೀನಿನ ಚಿತ್ರ ಇಟ್ಟ. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ಜಾತಿಯದು, ಗಾಳಿಪಟದ ಹಾಗೆ ಅಗಲ. ಹೊಟ್ಟೆ ಸೀಳಿ, ಕೊಕ್ಕೆಗೆ ನೇತುಹಾಕಿದೆ. ಒಳಗಿನ ಕೆಂಪು ಕರುಳು, ಮುತ್ತಿನಂತೆ ಹೊಳೆವ ಬಿಳಿ ಚರ್ಮ. ಮೇಲ್ಗಡೆ ಎರಡು ಕಣ್ಣು, ಒಂದು ಬಾಯಿ. ಅಳುವುದೋ ನಗುವುದೋ ತಿಳಿಯದ ಒಂದು ಮುಖ ನಮ್ಮನ್ನೇ ನೋಡುತ್ತದೆ. ಅವು ಕಣ್ಣಲ್ಲ, ಮೀನಿನ ಮೂಗಿನ ಹೊಳ್ಳೆಗಳು. ತೊರಕೆಯ ನಿಜವಾದ ಕಣ್ಣಿರುವುದು ಬೆನ್ನಿನ ಕಡೆ. ಇಷ್ಟು ಗೊತ್ತಾದ ಮೇಲೂ ಆ ಮುಖ ಕಾಣುವುದು ನಿಲ್ಲುವುದಿಲ್ಲ. ಎಡಗಡೆ ಸಿಂಪಿಗಳ ಮೇಲೆ ಕಾಲಿಟ್ಟು ರೋಮ ನಿಮಿರಿಸಿ ನಿಂತ ಬೆಕ್ಕು, ಬಲಗಡೆ ಅಲ್ಲಾಡದ ಪಾತ್ರೆಗಳು. ಮೇಜಿನ ಅಂಚಿನಿಂದ ಹಿಡಿ ಹೊರಚಾಚಿದ ಒಂದು ಚಾಕು, ಕೈಗೆ ಸಿಕ್ಕೀತು ಎಂಬಷ್ಟು ಹತ್ತಿರ. ಈ ಚಾಕುವನ್ನು ನೆನಪಿಟ್ಟುಕೊಳ್ಳಿ. ಮುಂದಿನ ನಲವತ್ತು ವರ್ಷ ಅದು ಅವನ ಮೇಜುಗಳ ಮೇಲೆ ಮತ್ತೆ ಮತ್ತೆ ಬರುತ್ತದೆ. ಚಪ್ಪಟೆ ಬಟ್ಟೆಯ ಮೇಲೆ ಆಳ ಹುಟ್ಟಿಸಲು ಅವನಿಗೆ ಗೊತ್ತಿದ್ದ ಅತಿ ಸರಳ ಉಪಾಯ ಅದು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಕಾಡೆಮಿ ಅವನನ್ನು ಸೇರಿಸಿಕೊಂಡಿತು. ಆ ಕುರಿತು ಒಂದು ಕಥೆ ಉಳಿದಿದೆ. ಶಾರ್ದಾಂ ತನ್ನ ಚಿತ್ರಗಳನ್ನು ಹೆಸರು ಹೇಳದೆ ಮೊದಲ ಕೋಣೆಯಲ್ಲಿ ಇಟ್ಟು ಒಳಗೆ ಕೂತನಂತೆ. ಹಿರಿಯ ಕಲಾವಿದ ಲಾರ್ಜಿಲಿಯೇರ್ ಬಂದು, ‘ಒಳ್ಳೆಯ ಚಿತ್ರಗಳು, ಯಾರೋ ಪಳಗಿದ ಫ್ಲೆಮಿಶ್ ಕಲಾವಿದನವು’ ಎಂದು ಮೆಚ್ಚಿ ಒಳಹೊಕ್ಕನಂತೆ. ಆಮೇಲೆ ಗೊತ್ತಾಯಿತು ಯಾರದ್ದೆಂದು. ಅಕಾಡೆಮಿ ಅವನಿಗೆ ಕೊಟ್ಟ ದರ್ಜೆ ಮಾತ್ರ ‘ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರ’. ಬದುಕಿಡೀ ಅವನು ಆ ದರ್ಜೆಯಲ್ಲೇ ಉಳಿದ.

ಅವನು ಕೆಲಸ ಮಾಡುತ್ತಿದ್ದ ರೀತಿಯೂ ಬೇರೆ. ಆ ಕಾಲದವರು ಮೊದಲು ರೇಖಾಚಿತ್ರ ಬರೆದು, ಒಂದೊಂದು ಆಕೃತಿಯನ್ನೂ ಕಾಗದದ ಮೇಲೆ ಪಳಗಿಸಿ, ಆಮೇಲೆ ಬಣ್ಣಕ್ಕೆ ಇಳಿಯುತ್ತಿದ್ದರು. ಶಾರ್ದಾಂನ ರೇಖಾಚಿತ್ರಗಳು ಬೆರಳೆಣಿಕೆ. ವಸ್ತುವನ್ನು ಎದುರಿಗಿಟ್ಟುಕೊಂಡು ನೇರ ಕ್ಯಾನ್ವಾಸಿನ ಮೇಲೇ ಕೆಲಸ, ತಿಂಗಳುಗಟ್ಟಲೆ. ಅವನ ಗೆಳೆಯ ಕೋಶಾಂ ಬರೆದಿಟ್ಟ ಪ್ರಕಾರ, ಮೊದಮೊದಲು ಒಂದು ಸತ್ತ ಮೊಲವನ್ನು ಬರೆಯಬೇಕಾದಾಗ ಅವನು ಹೇಳಿಕೊಂಡದ್ದು ಇಷ್ಟು: ನಾನು ಈವರೆಗೆ ನೋಡಿದ್ದನ್ನೆಲ್ಲ ಮರೆಯಬೇಕು, ಬೇರೆಯವರು ಇದನ್ನು ಹೇಗೆ ಬರೆದರು ಎಂಬುದನ್ನೂ ಮರೆಯಬೇಕು. ರೋಮ ಎಣಿಸುವ ಹಾಗೆ ಬರೆಯದೆ, ಒಟ್ಟು ಉಂಡೆಯಾಗಿ, ಬೆಳಕು ನೆರಳಿನ ಗಾತ್ರವಾಗಿ ಕಾಣುವಷ್ಟು ದೂರದಲ್ಲಿ ಮೊಲವನ್ನು ಇಟ್ಟುಕೊಂಡ. ಬದುಕಿನಲ್ಲಿ ಅವನು ಬರೆದದ್ದು ಒಟ್ಟು ಸುಮಾರು 200 ಚಿತ್ರ. ಎಂಬತ್ತು ವರ್ಷ ಬಾಳಿದವನಿಗೆ ಇದು ಬಹಳ ಕಡಿಮೆ.

ಪಾತ್ರೆಯಿಂದ ಮನುಷ್ಯರ ಕಡೆಗೆ ಅವನು ತಿರುಗಿದ್ದು ಯಾಕೆ ಎಂಬುದಕ್ಕೂ ಒಂದು ಕಥೆ ಇದೆ. ನಿಜವೋ ಅಲ್ಲವೋ, ಚೆನ್ನಾಗಿದೆ. ಭಾವಚಿತ್ರ ಬರೆಯುವ ಗೆಳೆಯ ಅವೆದ್ ಒಮ್ಮೆ 400 ಲಿವ್ರ್ (ಆಗಿನ ಫ್ರೆಂಚ್ ಹಣ) ಸಂಭಾವನೆಯ ಕೆಲಸ ಬೇಡವೆಂದನಂತೆ, ಕಡಿಮೆಯಾಯಿತೆಂದು. ಅಷ್ಟು ದುಡ್ಡು ಬಿಡುತ್ತೀಯಾ ಎಂದ ಶಾರ್ದಾಂಗೆ ಅವನ ಉತ್ತರ: ಮುಖ ಬರೆಯುವುದು ಸಾಸೇಜ್ ಬರೆದಷ್ಟು ಸುಲಭವಾಗಿದ್ದರೆ ಸರಿಯಪ್ಪ! ಮಾತು ತಾಗಿತು ಎನ್ನುತ್ತಾರೆ. ಅದರ ಜೊತೆಗೆ ಲೆಕ್ಕಾಚಾರವೂ ಇದ್ದಿರಬೇಕು. ಒಂದೇ ಬಗೆಯ ಸತ್ತ ಬಾತುಕೋಳಿಗೆ ಎಷ್ಟು ದಿನ ಗಿರಾಕಿ ಸಿಕ್ಕಾರು? ಅಂತೂ 1733ರ ಹೊತ್ತಿಗೆ ಅವನ ಅಡುಗೆಮನೆಗೆ ಜನ ಬಂದರು. ನೀರು ಹಿಡಿಯುವವಳು, ಬಟ್ಟೆ ಒಗೆಯುವವಳು, ಟರ್ನಿಪ್ ಗೆಡ್ಡೆ ಸುಲಿಯುವವಳು, ಪಾತ್ರೆ ತಿಕ್ಕುವವಳು. ಬುಗುರಿ ತಿರುಗಿಸುವ ಹುಡುಗ, ಇಸ್ಪೀಟೆಲೆಯಲ್ಲಿ ಮನೆ ಕಟ್ಟುವ ಹುಡುಗ, ತಮ್ಮನಿಗೆ ಅಕ್ಷರ ತೋರಿಸುವ ಅಕ್ಕ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ನೋಡಬೇಕು. ದಿನಬದುಕನ್ನು ಬರೆದವರು ಅವನಿಗೆ ಮೊದಲೂ ಇದ್ದರು. ಹಾಲೆಂಡಿನವರು ನೂರು ವರ್ಷ ಹಿಂದೆಯೇ ಅದನ್ನು ಮಾಡಿದ್ದರು. ಕುಡುಕರು, ಜಗಳಗಂಟಿಯರು, ಕದ್ದು ನೋಡುವವರು ಎಲ್ಲ ಅವರ ಚಿತ್ರದಲ್ಲಿದ್ದರು. ಶಾರ್ದಾಂಗಿಂತ ಕಿರಿಯನಾದ ಗ್ರ್ಯೂಜ್, ಶಪಿಸುವ ಅಪ್ಪ, ಅಳುವ ಮಗ ಎಂದು ನಾಟಕದ ಹಾಗೆ ಸಂಸಾರ ತೋರಿಸಿ ಜನರ ಕಣ್ಣಲ್ಲಿ ನೀರು ತರಿಸಿದ. ಶಾರ್ದಾಂನ ಚಿತ್ರದಲ್ಲಿ ಏನೂ ಆಗುವುದಿಲ್ಲ. ಆಗುತ್ತಿದ್ದದ್ದು ಒಂದು ಕ್ಷಣ ನಿಂತಿರುತ್ತದೆ. ಗೆಡ್ಡೆ ಸುಲಿಯುವವಳ ಚಾಕು ತಡೆದಿದೆ, ಅವಳ ಕಣ್ಣು ಎಲ್ಲೋ ಇದೆ. ಏನನ್ನು ನೆನೆಯುತ್ತಿದ್ದಾಳೆ? ಚಿತ್ರ ಹೇಳುವುದಿಲ್ಲ. ಬುಗುರಿಯ ಹುಡುಗ ಪುಸ್ತಕ, ಶಾಯಿ ಕುಡಿಕೆ, ಗರಿಯ ಲೇಖನಿಯನ್ನು ಪಕ್ಕಕ್ಕೆ ತಳ್ಳಿ ಬುಗುರಿಯನ್ನೇ ನೋಡುತ್ತಿದ್ದಾನೆ, ಅದಿನ್ನೂ ಬಿದ್ದಿಲ್ಲ. ಅವರಾರಿಗೂ ನಾವು ನೋಡುತ್ತಿರುವುದರ ಗೊಡವೆಯಿಲ್ಲ. ಪಾತ್ರೆಗಳಿಗೆ ಹೇಗೆ ನಮ್ಮ ಗೊಡವೆಯಿಲ್ಲವೋ ಹಾಗೆ. ನನ್ನ ಮಟ್ಟಿಗೆ ಶಾರ್ದಾಂ ಮನುಷ್ಯರನ್ನು ಬರೆಯಲು ಪಾತ್ರೆಗಳನ್ನು ಬಿಡಲೇ ಇಲ್ಲ; ಪಾತ್ರೆಯನ್ನು ನೋಡಿದ ಕಣ್ಣಿನಲ್ಲೇ ಮನುಷ್ಯರನ್ನೂ ನೋಡಿದ.

ಇವೆಲ್ಲ ಎಷ್ಟು ಪುಟ್ಟ ಚಿತ್ರಗಳೆಂದರೆ, ‘ಊಟದ ಮುಂಚಿನ ಪ್ರಾರ್ಥನೆ’ ಎಂಬ ಅವನ ಅತಿ ಹೆಸರಾದ ಚಿತ್ರ ಅರ್ಧ ಮೀಟರ್ ಎತ್ತರವೂ ಇಲ್ಲ. ತಾಯಿ ಬಡಿಸುತ್ತಿದ್ದಾಳೆ. ದೊಡ್ಡವಳು ಕೂತಿದ್ದಾಳೆ, ಚಿಕ್ಕದು ಕೈಜೋಡಿಸಿ ಮಂತ್ರ ಒಪ್ಪಿಸುತ್ತಿದೆ. ಚಿಕ್ಕ ಮಗು ಲಂಗ ತೊಟ್ಟಿದೆ, ಆದರೆ ಕುರ್ಚಿಗೆ ನೇತುಬಿದ್ದಿರುವುದು ಒಂದು ಆಟದ ನಗಾರಿ. ಅದು ಹುಡುಗ, ಆಗ ಆರೇಳು ವರ್ಷದವರೆಗೆ ಗಂಡುಮಕ್ಕಳಿಗೂ ಲಂಗವೇ. 1740ರಲ್ಲಿ ಶಾರ್ದಾಂನನ್ನು ವರ್ಸಾಯ್‌ಗೆ ಕರೆದೊಯ್ದು ಹದಿನೈದನೆಯ ಲೂಯಿ ದೊರೆಗೆ ಪರಿಚಯಿಸಿದರು. ಅವನು ಕಾಣಿಕೆಯಾಗಿ ಕೊಟ್ಟ ಎರಡು ಚಿತ್ರಗಳಲ್ಲಿ ಇದೊಂದು. ಅಡುಗೆಮನೆಯ ಈ ಬಡಬಗ್ಗರ ಚಿತ್ರಗಳನ್ನು ಕೊಂಡವರಲ್ಲಿ ಅರಮನೆಯವರೂ ಇದ್ದರು: ಪ್ಯಾರಿಸ್ಸಿನಲ್ಲಿದ್ದ ಸ್ವೀಡನ್ನಿನ ರಾಯಭಾರಿ ತೆಸ್ಸಿನ್, ಸ್ವೀಡನ್ನಿನ ಲೊವಿಸಾ ಉಲ್ರಿಕಾ ರಾಣಿ, ಲಿಖ್ಟೆನ್‌ಸ್ಟೈನ್‌ನ ರಾಜಕುಮಾರ, ರಷ್ಯದ ಎರಡನೆಯ ಕ್ಯಾಥರೀನ್. ಸ್ಟಾಕ್‌ಹೋಮ್‌ಗೆ ಹಂಡೆಯ ಚಿತ್ರ ಹೋದದ್ದು ಹೀಗೆ.

ಸಾಮಾನ್ಯರ ಗೋಡೆಗೆ ಅವನು ತಲುಪಿದ್ದು ಮುದ್ರಣದ ಮೂಲಕ. ಲೆಪಿಸಿಯೆ ಮೊದಲಾದವರು ಅವನ ಚಿತ್ರಗಳನ್ನು ತಾಮ್ರದ ಫಲಕದಲ್ಲಿ ಕೊರೆದು ಅಚ್ಚು ಹಾಕಿ ಮಾರುತ್ತಿದ್ದರು. ಕೆಳಗೆ ನಾಲ್ಕು ಸಾಲಿನ ಪದ್ಯ, ಪದ್ಯದಲ್ಲಿ ನೀತಿ. ಎಲೆಯ ಮನೆ ಬೀಳುವ ಹಾಗೆ ಮನುಷ್ಯನ ಯೋಜನೆಗಳೂ ಬೀಳುತ್ತವೆ, ಇತ್ಯಾದಿ. ಚಿತ್ರದಲ್ಲಿ ಇಲ್ಲದ ನೀತಿಯನ್ನು ಅಚ್ಚಿನವರು ಅಂಟಿಸಿದರು. ನೂರಾರು ವರ್ಷ ಜನ ಶಾರ್ದಾಂನನ್ನು ಓದಿದ್ದು ಆ ಪದ್ಯಗಳ ಕನ್ನಡಕದಲ್ಲಿ. ಅಚ್ಚು ಕಪ್ಪುಬಿಳುಪು, ಹಾಗಾಗಿ ಅವನ ಬಣ್ಣವೂ ತಲುಪಲಿಲ್ಲ.

ಈಗ ಸಿಂಹಾವಲೋಕನದ ಒಳಗುಟ್ಟಿಗೆ ಬರೋಣ. ಶಾರ್ದಾಂ ತನ್ನ ಚಿತ್ರಗಳನ್ನು ತಾನೇ ಮತ್ತೆ ಬರೆಯುತ್ತಿದ್ದ. ‘ಪ್ರಾರ್ಥನೆ’ ಲೂವ್ರ್‌ನಲ್ಲೇ ಎರಡಿವೆ, 1744ರ ತಾರೀಖಿನದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿದೆ. ಸಂತೆಯಿಂದ ಬಂದವಳು ಲೂವ್ರ್, ಬರ್ಲಿನ್, ಕೆನಡಾದ ಒಟ್ಟಾವ ಮೂರೂ ಕಡೆ ಇದ್ದಾಳೆ. ಸೋಪಿನ ಗುಳ್ಳೆ ಊದುವ ಹುಡುಗ ಅಮೆರಿಕದ ಮೂರು ಮ್ಯೂಸಿಯಂಗಳಲ್ಲಿ. ಇವುಗಳಲ್ಲಿ ಯಾವುದು ಮೊದಲು? ಯಾವುದು ಪೂರ್ತಿ ಅವನ ಕೈಯದು, ಯಾವುದು ಮತ್ತೊಬ್ಬರ ನಕಲು? ಫೋಟೋ ನೋಡಿ ಇದನ್ನು ತೀರ್ಮಾನಿಸುವುದು ಕಷ್ಟ. ಬಣ್ಣದ ದಪ್ಪ, ಕುಂಚದ ಓಟ, ತಿದ್ದಿದ ಗುರುತು ಬರಿಗಣ್ಣಿಗೇ ಪಕ್ಕಪಕ್ಕದಲ್ಲಿ ಕಾಣಬೇಕು. ಹಾಗಾಗಿ ಪ್ರೇಕ್ಷಕರಿಗೆ ಹಬ್ಬವಾದದ್ದು ವಿದ್ವಾಂಸರಿಗೆ ಕೋರ್ಟು. ಪ್ರದರ್ಶನದ ರಜಾದಿನ ಬಾಗಿಲು ಹಾಕಿಕೊಂಡು ಅವರು ಚಿತ್ರಗಳ ಎದುರೇ ವಾದ ಮಾಡುತ್ತಾರೆ. ದೊಡ್ಡ ಪ್ರದರ್ಶನದ ಕ್ಯಾಟಲಾಗು ಇಟ್ಟಿಗೆಯಷ್ಟು ದಪ್ಪ ಇರುವುದು ಇದಕ್ಕೇ: ಪ್ರತಿ ಚಿತ್ರವೂ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಹರಾಜಿನಲ್ಲಿ ಕಂಡಿತು ಎಂಬ ವಂಶಾವಳಿ ಅದರಲ್ಲಿರುತ್ತದೆ. ಪ್ರದರ್ಶನ ಮೂರು ತಿಂಗಳಿಗೆ ಮುಗಿಯುತ್ತದೆ, ಕ್ಯಾಟಲಾಗು ಮುಂದಿನ ತಲೆಮಾರಿಗೆ ಉಳಿಯುತ್ತದೆ.

ಸಣ್ಣ ಪ್ರಮಾಣದಲ್ಲೂ ಇದನ್ನು ಮಾಡಬಹುದು. 2012ರಲ್ಲಿ ಇಂಗ್ಲೆಂಡಿನ ವಾಡ್ಸ್‌ಡನ್ ಮ್ಯಾನರ್‌ನವರು ಇಸ್ಪೀಟೆಲೆಯ ಮನೆ ಕಟ್ಟುವ ಹುಡುಗರ ನಾಲ್ಕು ಚಿತ್ರಗಳನ್ನು ಒಂದೇ ಕೋಣೆಯಲ್ಲಿ ತಂದಿಟ್ಟರು. ನಾಲ್ಕೂ ಬೇರೆ ಬೇರೆ ಚಿತ್ರ, ವಿಷಯ ಒಂದೇ.

ಸೋಪಿನ ಗುಳ್ಳೆಯದು ಇನ್ನೂ ಸೊಗಸು. ಸ್ಟಾಕ್‌ಹೋಮ್‌ನ ಹಂಡೆಯ ಚಿತ್ರಕ್ಕೆ ಜೋಡಿಯಾಗಿ ಬಟ್ಟೆ ಒಗೆಯುವವಳ ಚಿತ್ರವಿದೆಯಲ್ಲ, ಅದರಲ್ಲಿ ಅವಳ ಬಾನಿಯ ಪಕ್ಕ ಹರಕು ಬಟ್ಟೆಯ ಪುಟ್ಟ ಹುಡುಗನೊಬ್ಬ ಕೂತು ಗುಳ್ಳೆ ಊದುತ್ತಿದ್ದಾನೆ. ಅವಳಿಗೆ ಅದೇ ನೊರೆ ಕೆಲಸ, ಅವನಿಗೆ ಆಟ. ಸುಮಾರು ಅದೇ ಕಾಲದ ಇನ್ನೊಂದು ಚಿತ್ರದಲ್ಲಿ ಬಾನಿಯೂ ಇಲ್ಲ, ಅವಳೂ ಇಲ್ಲ; ಗುಳ್ಳೆ ಊದುವವನೇ ಕಿಟಕಿಯಂಚಿನಲ್ಲಿ ಇಡೀ ಚಿತ್ರವನ್ನು ತುಂಬಿದ್ದಾನೆ. ಹಂಡೆ ನಾಯಕನಿಂದ ಹಿನ್ನೆಲೆಗೆ ಸರಿಯಿತು, ಗುಳ್ಳೆ ಮೂಲೆಯಿಂದ ಮುಂದೆ ಬಂತು.

ಚಿತ್ರ ತರಿಸುವುದೂ ಸಣ್ಣ ಮಾತಲ್ಲ. ಪ್ರದರ್ಶನ ರೂಪಿಸುವ ಕ್ಯುರೇಟರ್ ವರ್ಷಗಟ್ಟಲೆ ಮುಂಚೆ ಪತ್ರ ಬರೆಯಬೇಕು. ನಿಮ್ಮದು ಕೊಟ್ಟರೆ ಮುಂದೆ ನಮ್ಮದು ಕೊಡುತ್ತೇವೆ ಎಂಬ ಕೊಡುಕೊಳ್ಳುವಿಕೆ ನಡೆಯಬೇಕು. ಕೆಲವು ಸಂಗ್ರಹಗಳದ್ದು ‘ಹೊರಗೆ ಕೊಡಕೂಡದು’ ಎಂದು ದಾನಿ ಬರೆದಿಟ್ಟ ಉಯಿಲು. ಪ್ಯಾರಿಸ್ ಹತ್ತಿರದ ಶಾಂತಿಯಿಯ ಕೊಂಡೆ ಮ್ಯೂಸಿಯಂಗೆ ಅಂಥ ಷರತ್ತಿದೆ. ಹೊರಡುವ ಮುನ್ನ ಚಿತ್ರದ ಪ್ರತಿ ಬಿರುಕನ್ನೂ ಬರೆದಿಟ್ಟುಕೊಳ್ಳುತ್ತಾರೆ, ತೇವ ಬಿಸಿ ಏರುಪೇರಾಗದ ಪೆಟ್ಟಿಗೆಯಲ್ಲಿಟ್ಟು ಜೊತೆಗೆ ಒಬ್ಬ ಕಾವಲು ಸಿಬ್ಬಂದಿಯನ್ನು ಕಳಿಸುತ್ತಾರೆ. ಮರದ ಹಲಗೆಯ ಮೇಲಿನ ಚಿತ್ರಕ್ಕೆ ಭಯ ಇನ್ನೂ ಹೆಚ್ಚು. ಹವೆ ಒಣಗಿದರೆ ಹಲಗೆ ಬಾಗುತ್ತದೆ, ಬಣ್ಣ ಏಳುತ್ತದೆ. ವಿಮೆಯ ಮೊತ್ತ ಎಷ್ಟಾಗುತ್ತದೆಂದರೆ ಹಲವು ದೇಶಗಳಲ್ಲಿ ಸರ್ಕಾರವೇ ಹಾನಿಯ ಹೊಣೆ ಹೊರುವ ವ್ಯವಸ್ಥೆ ಇದೆ.

ಇದನ್ನು ಬರೆಯುವಾಗ ನೆನಪಾಗುತ್ತದೆ: ಶಾರ್ದಾಂ ಸ್ವತಃ ಈ ಕೆಲಸದವನೇ. ಅಕಾಡೆಮಿಯ ಖಜಾಂಚಿಯಾಗಿದ್ದ ಅವನು 1755ರಿಂದ ಸಲೋಂ ಎಂಬ ಅಕಾಡೆಮಿಯ ಪ್ರದರ್ಶನಕ್ಕೆ ಗೋಡೆ ಹೊಂದಿಸುವ ಹೊಣೆಯನ್ನೂ ಹೊತ್ತ. ಲೂವ್ರ್‌ನ ಒಂದು ದೊಡ್ಡ ಹಜಾರದಲ್ಲಿ ನೆಲದಿಂದ ಸೂರಿನವರೆಗೆ ಚೌಕಟ್ಟಿಗೆ ಚೌಕಟ್ಟು ತಾಗಿಸಿ ಚಿತ್ರ ತುಂಬುತ್ತಿದ್ದರು. ದೊಡ್ಡ ಪುರಾಣಚಿತ್ರಗಳು ಮೇಲೆ, ಪುಟ್ಟವು ಕೆಳಗೆ. ಯಾರ ಪಕ್ಕ ಯಾರು ಎಂದು ನಿರ್ಧರಿಸುವವನು ಶಾರ್ದಾಂ. ಪೈಪೋಟಿಯವರನ್ನು ಬೇಕೆಂದೇ ಅಕ್ಕಪಕ್ಕ ತೂಗುಹಾಕುತ್ತಿದ್ದ ಅವನನ್ನು ದಿದೆರೋ ಭಾರೀ ತುಂಟ ಎಂದು ಕರೆದಿದ್ದಾನೆ.

ದಿದೆರೋ ಎಂದರೆ ಹೆಸರಾಂತ ಫ್ರೆಂಚ್ ವಿಶ್ವಕೋಶವನ್ನು ಸಂಪಾದಿಸಿದ ದಿದೆರೋನೇ. ಸಲೋಂ ಪ್ರದರ್ಶನಗಳ ಬಗ್ಗೆ ಅವನು ಬರೆದ ವರದಿಗಳು ಆಗ ಅಚ್ಚಾಗುತ್ತಿರಲಿಲ್ಲ, ಕೈಬರಹದ ಪ್ರತಿಗಳಾಗಿ ಯುರೋಪಿನ ಕೆಲವೇ ರಾಜಮನೆತನಗಳಿಗೆ ಹೋಗುತ್ತಿದ್ದವು. 1763ರಲ್ಲಿ ಶಾರ್ದಾಂನ ‘ಆಲಿವ್ ಭರಣಿ’ಯ ಎದುರು ನಿಂತು ಅವನು ಬರೆದದ್ದರ ಸಾರ ಇದು: ಈ ಮಾಯೆ ಅರ್ಥವಾಗುವುದಿಲ್ಲ. ಬಣ್ಣದ ದಪ್ಪ ಪದರಗಳು ಒಂದರ ಮೇಲೊಂದು, ಅವುಗಳ ಪರಿಣಾಮ ಕೆಳಗಿನಿಂದ ಮೇಲಕ್ಕೆ ಬೆವರಿನಂತೆ ಒಸರುತ್ತದೆ. ಹತ್ತಿರ ಹೋಗು, ಎಲ್ಲ ಕಲಸಿ, ಚಪ್ಪಟೆಯಾಗಿ, ಕಾಣೆಯಾಗುತ್ತದೆ. ದೂರ ಸರಿ, ಎಲ್ಲ ಮತ್ತೆ ಹುಟ್ಟುತ್ತದೆ.

ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಆ ಹೊತ್ತಿಗೆ ಶಾರ್ದಾಂ ಮನುಷ್ಯರನ್ನು ಬಿಟ್ಟು ಮತ್ತೆ ಪಾತ್ರೆ ಹಣ್ಣಿಗೆ ಮರಳಿದ್ದ. ಆದರೆ ಮರಳಿದವನು ಬೇರೆಯವನು. 1730ರ ಸುಮಾರಿನ ಪಾತ್ರೆಗಳು ಗಟ್ಟಿ, ಒರಟು, ಮುಟ್ಟಿದರೆ ಸಿಗುವಂಥವು. 1760ರ ಸುಮಾರಿನವುಗಳ ಅಂಚು ಕರಗಿದೆ. ಒಂದರ ಬಣ್ಣ ಇನ್ನೊಂದರ ಮೈಮೇಲೆ ಬಿದ್ದಿದೆ. ಪಿಟ್ಸ್‌ಬರ್ಗಿನ ಕಾರ್ನೆಗಿ ಮ್ಯೂಸಿಯಂನಲ್ಲಿ ಒಂದು ಲೋಟ ನೀರು, ಒಂದು ಕಂದು ಕಾಫಿ ಪಾತ್ರೆ, ಕೆಲವು ಬೆಳ್ಳುಳ್ಳಿ ಇರುವ ಚಿತ್ರವಿದೆ. ಅಷ್ಟೇ ಇರುವುದು. ಲೋಟದ ಓರೆ ಅಂಚು, ಪಾತ್ರೆಯ ಓರೆ ಮೈ ಒಂದಕ್ಕೊಂದು ತಲೆಕೆಳಗು: ಒಂದು ಮೇಲೆ ಅಗಲ, ಇನ್ನೊಂದು ಕೆಳಗೆ ಅಗಲ. ಒಂದು ಬೆಳಕನ್ನು ಬಿಡುತ್ತದೆ, ಒಂದು ನುಂಗುತ್ತದೆ. ಸಂಗೀತದಲ್ಲಿ ಎರಡೇ ಸ್ವರ ಹಿಡಿದು ಆಲಾಪ ಮಾಡಿದಂತೆ. ಮೂವತ್ತು ವರ್ಷದ ಅಂತರದ ಈ ಎರಡು ಕೈಗಳನ್ನು ಮೊದಲ ಕೋಣೆಯಲ್ಲಿ ಒಂದು, ಕೊನೆಯ ಕೋಣೆಯಲ್ಲಿ ಒಂದು ಎಂದು ನಡೆದೇ ನೋಡಬೇಕು. ಪುಸ್ತಕದ ಹಾಳೆಯಲ್ಲಿ ಎರಡೂ ಒಂದೇ ಗಾತ್ರ, ಒಂದೇ ಹೊಳಪು.

ಈ ಕಾಲದ ಇನ್ನೊಂದು ಚಿತ್ರ ಇತ್ತೀಚೆಗೆ ಸುದ್ದಿಯಾಯಿತು. ಬುಟ್ಟಿಯಲ್ಲಿ ಗೋಪುರವಾಗಿ ಪೇರಿಸಿದ ಕಾಡು ಸ್ಟ್ರಾಬೆರಿ, ಪಕ್ಕದಲ್ಲಿ ನೀರಿನ ಲೋಟ, ಎರಡು ಬಿಳಿ ಹೂವು, ಒಂದು ಪೀಚ್, ಎರಡು ಚೆರ್ರಿ. 38ಕ್ಕೆ 46 ಸೆಂಟಿಮೀಟರ್. 1761ರ ಸಲೋಂನಲ್ಲಿ ಇದ್ದದ್ದಕ್ಕೆ ಸಾಕ್ಷಿ ಎಂದರೆ, ಸಾಂತೋಬಾಂ ಎಂಬ ಕಲಾವಿದ ತನ್ನ ಕ್ಯಾಟಲಾಗಿನ ಅಂಚಿನಲ್ಲಿ ಅದನ್ನು ಪುಟ್ಟದಾಗಿ ಗೀಚಿಟ್ಟದ್ದು. ಮಾತಿನ ಮಲ್ಲ ದಿದೆರೋಗೆ ಆಗ ಅದು ಕಣ್ಣಿಗೆ ಬೀಳಲಿಲ್ಲ. 2022ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾದಾಗ 2 ಕೋಟಿ 43 ಲಕ್ಷ ಯೂರೋ ದಾಟಿತು, ಅಮೆರಿಕದ ಪಾಲಾಗುವುದಿತ್ತು. ಫ್ರಾನ್ಸ್ ಅದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿ ಹೊರಹೋಗದಂತೆ ತಡೆಯಿತು, ಲೂವ್ರ್ ಜನರ ಮುಂದೆ ಕೈಚಾಚಿತು. ಸುಮಾರು 10,000 ಜನ ಸಣ್ಣಪುಟ್ಟ ದೇಣಿಗೆ ಕೊಟ್ಟರು, ಬಹುಪಾಲನ್ನು ಒಂದು ದೊಡ್ಡ ಕಂಪನಿ ಭರಿಸಿತು, 2024ರಲ್ಲಿ ಬುಟ್ಟಿ ಲೂವ್ರ್ ಸೇರಿತು. ಫೆಲಿಬಿಯಾಂನ ಮೆಟ್ಟಿಲಿನಲ್ಲಿ ಇದು ತೀರಾ ಕೆಳಗಿನದು.

ನಡುವೆ ಅವನನ್ನು ಮರೆತೂ ಇದ್ದರು. 1779ರ ಡಿಸೆಂಬರ್ 6ರಂದು ಅವನು ಸತ್ತ ಹತ್ತೇ ವರ್ಷಕ್ಕೆ ಕ್ರಾಂತಿ ಬಂತು. ರೋಮನ್ ವೀರರ ಭಾರೀ ಚಿತ್ರಗಳ ಕಾಲದಲ್ಲಿ ಹೂಜಿ ಯಾರಿಗೆ ಬೇಕು? ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಥೋರೆ ಎಂಬ ವಿಮರ್ಶಕ, ಆಮೇಲೆ ಗೋಂಕೂರ್ ಸಹೋದರರು ಅವನನ್ನು ಮತ್ತೆ ಕೂಗಿ ಕರೆದರು. ಅವರಿಗಿಂತ ಹೆಚ್ಚಿನ ಉಪಕಾರ ಮಾಡಿದವನು ಲಾ ಕಾಜ್ ಎಂಬ ವೈದ್ಯ. ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ ಕೊಂಡಿಟ್ಟುಕೊಂಡು, 1869ರಲ್ಲಿ ತನ್ನ 583 ಚಿತ್ರಗಳನ್ನು ಲೂವ್ರ್‌ಗೆ ಬಿಟ್ಟುಹೋದ. ಆರಂಭದಲ್ಲಿ ಹೇಳಿದ ಪುಟ್ಟ ಹಲಗೆಯ ಹಂಡೆ ಅದರಲ್ಲೊಂದು. ಅಲ್ಲಿಂದ ಮುಂದೆ ಲೂವ್ರ್‌ಗೆ ಹೋದ ಕಲಾವಿದರೆಲ್ಲ ಶಾರ್ದಾಂನ ಮುಂದೆ ನಿಂತವರೇ. ಸೆಜಾನ್ ನಿಂತ, ಮಟೀಸ್ ಆ ತೊರಕೆಯ ಚಿತ್ರವನ್ನು ಎದುರಿಟ್ಟುಕೊಂಡು ನಕಲು ಮಾಡಿ ಕಲಿತ, ಸೂಟಿನ್ ತನ್ನದೇ ಒಂದು ತೊರಕೆಯನ್ನು ನೇತುಹಾಕಿ, ರಕ್ತದ ಬಣ್ಣದಲ್ಲಿ ಬರೆದ.

ಸಿಂಹಾವಲೋಕನದ ಕೊನೆಯ ಕೋಣೆ ಕತ್ತಲೆಯದು. ವಯಸ್ಸಾದ ಮೇಲೆ ಕಾಯಿಲೆಯಿಂದಾಗಿ ಎಣ್ಣೆ ಬಣ್ಣದಲ್ಲಿ ಕೆಲಸ ಮಾಡಲಾಗದೆ ಪ್ಯಾಸ್ಟೆಲ್ ಹಿಡಿದೆ ಎಂದು ಶಾರ್ದಾಂ 1778ರಲ್ಲಿ ಪತ್ರ ಬರೆದಿದ್ದಾನೆ. ಬಣ್ಣಕ್ಕೆ ಬೆರೆಸುತ್ತಿದ್ದ ಸೀಸ ಅವನ ಕಣ್ಣು ಕೆಡಿಸಿತ್ತು ಎನ್ನುವವರಿದ್ದಾರೆ. ಪ್ಯಾಸ್ಟೆಲ್ ಎಂದರೆ ಕಾಗದದ ಮೇಲೆ ನಿಂತಿರುವ ಬಣ್ಣದ ಹುಡಿ. ಪೆಟ್ಟಿಗೆ ಅಲುಗಾಡಿದರೆ ಉದುರುತ್ತದೆ, ಕಾಗದ ಬೆಳಕಿಗೆ ಮಾಸುತ್ತದೆ. ಆದ್ದರಿಂದ ಅವು ಪ್ರವಾಸ ಹೋಗುವುದು ಅಪರೂಪ. ತೂಗುಹಾಕಿದ ಕಡೆಯೂ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ ಎಂಬುದು ಮ್ಯೂಸಿಯಂಗಳ ವಾಡಿಕೆ. ಎಣ್ಣೆ ಬಣ್ಣದ ಕೋಣೆಗಳಿಂದ ಅಲ್ಲಿಗೆ ಬಂದವರಿಗೆ ಮೊದಲು ಏನೂ ಸರಿಯಾಗಿ ಕಾಣುವುದಿಲ್ಲ, ಒಂದು ನಿಮಿಷ ನಿಲ್ಲಬೇಕು.

ಆಮೇಲೆ ಒಬ್ಬ ಮುದುಕ ಕಾಣುತ್ತಾನೆ. ತಲೆಗೆ ಬಟ್ಟೆ ಸುತ್ತಿ, ಬೆಳಕು ಕಣ್ಣಿಗೆ ಹೊಡೆಯದಂತೆ ಹಣೆಗೊಂದು ಮರೆ ಕಟ್ಟಿಕೊಂಡು, ಮೂಗಿನ ಮೇಲೆ ಕನ್ನಡಕ ಏರಿಸಿದ್ದಾನೆ. 1775ರ ಚಿತ್ರ. ಕೆನ್ನೆಯ ಮೇಲೆ ನೀಲಿ, ಹಸಿರು, ಕೆಂಪು ಗೀರುಗಳು ಕಲಸದೆ ಹಾಗೇ ಇವೆ. ಹತ್ತಿರ ಹೋದರೆ ಬರೀ ಗೀರು. ಎರಡು ಹೆಜ್ಜೆ ಹಿಂದೆ ಬಂದರೆ ಅವನು, ಹಂಡೆಯನ್ನು ನೋಡಿದ ಹಾಗೆಯೇ, ನಮ್ಮನ್ನು ನೋಡುತ್ತಿರುತ್ತಾನೆ.